ನಾಲಿಗೆ ಹಿಡಿದ ಮಣ್ಣು

“ಕಣ್ಣಲ್ಲಿ ಎಷ್ಟು ಬೇಕಾದ್ರೂ ನೋಡಪ್ಪಾ, ಬಾಯಿಗೆ ಮಾತ್ರ ತಗೋಬೇಡ,” ಎಂದಳು ಮುನಿತಾಯಮ್ಮ.

ಕಾಂತರಾಜು ಸುಸ್ತಾಗಿ ನಕ್ಕ. “ಅಜ್ಜಿ, ನಾಲಿಗೆಗೆ ತಾಗಿಸ್ದೆ ಯಾವ್ದನ್ನೂ ಅಸಲಿ ಅಂದೋನಲ್ಲ ನಾನು. ಇದೇನು ವಿಷಾನಾ?”

“ಇದಕ್ಕೆ ಬಾಯಿಕಟ್ಟು ಮಾಟ ಹಾಕ್ಸಿರೋದು ಕಣಪ್ಪಾ. ಜಮೀನಿನ ಕೇಸಲ್ಲಿ ನಮ್ಮ ಯಜಮಾನ್ರು ಸಾಕ್ಷಿ ಹೇಳ್ಬಾರ್ದು ಅಂತ ಆಗ್ದೋರು ಮಾಡ್ಸಿದ್ದು. ದಿನಾ ಎದ್ದು ಇದಕ್ಕೊಂದು ಮುತ್ತು ಕೊಡೋರು. ಒಂದಿನ ಕೊಟ್ರು, ಮಾತೇ ನಿಂತೋಯ್ತು.”

“ಸ್ಟ್ರೋಕ್ ಅಂತಾರೆ ಅದಕ್ಕೆ.”

ಮುರಳಿ ಕಿಸಕ್ಕನೆ ನಕ್ಕ. ಅವನು ಕಾಂತರಾಜುವಿನ ಗೆಳೆಯ. ಬೌದ್ಧ ತಾಯತಗಳ ಹುಚ್ಚು ಹತ್ತಿದ ಮೇಲೆ ಶಿಷ್ಯ. “ಲೆನ್ಸು ಗಾಡೀಲೇ ಬಿಟ್ಬಿಟ್ಟೆ ಗುರು, ತರ್ತೀನಿ,” ಎಂದು ಎದ್ದು ಹೋದ.

ದೊಡ್ಡಬಳ್ಳಾಪುರದ ಆ ಓಣಿಯ ಮನೆಗೆ ಮಟಮಟ ಮಧ್ಯಾಹ್ನದಲ್ಲೂ ಬೆಳಕು ಬರುತ್ತಿರಲಿಲ್ಲ. ನೂಲಿನ ಗಂಜಿ, ಮಗ್ಗದ ಎಣ್ಣೆ, ಅದರಡಿಯಲ್ಲಿ ಆರಿದ ಬೂದಿಯಂಥ ಇನ್ನೊಂದು ವಾಸನೆ. ಗೋಡೆಯಾಚೆ ಮಗ್ಗಗಳ ದಡಬಡ. ಕಾಂತರಾಜುವಿನ ಅಂಗೈಯಲ್ಲಿ ಬೆರಳಗಲದ ಮಣ್ಣಿನ ಬಿಲ್ಲೆ, ಅದರೊಳಗೆ ಕುಳಿತ ಬುದ್ಧ. ಬ್ಯಾಂಕಾಕಿನ ರೇಷ್ಮೆ ಅಂಗಡಿಯಲ್ಲಿ ದುಡಿಯುತ್ತಿದ್ದಾಗ ಮುನಿತಾಯಮ್ಮನ ಗಂಡ ಮುನಿಶಾಮಪ್ಪನಿಗೆ ಭಿಕ್ಷುವೊಬ್ಬರು ಕೊಟ್ಟಿದ್ದು.

ಕಾಂತರಾಜುವಿಗೆ ನಕಲಿಗಳನ್ನು ನೋಡಿ ನೋಡಿ ಸಾಕಾಗಿತ್ತು. ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಮುದಿಯಾಗಿಸಿದ ಬುದ್ಧರು, ಉಪ್ಪುಕಾಗದ ಉಜ್ಜಿ ಸವೆಸಿದ ಅಂಚುಗಳು, ಸೀಲು ಹೊಡೆದ ಸುಳ್ಳು ಪ್ರಮಾಣಪತ್ರಗಳು. ಅವನು ಬಾಯಿಬಿಟ್ಟು ‘ಅಸಲಿ’ ಎಂದರಷ್ಟೇ ಜನ ಕೊಳ್ಳುತ್ತಿದ್ದರು. ಆ ಮಾತೇ ಅವನ ಅನ್ನ.

ಹಳೆಯ ಮಣ್ಣು ತೇವ ಹೀರುತ್ತದೆ, ನಾಲಿಗೆಗೆ ಅಂಟುತ್ತದೆ. ಮುದುಕಿ ಕೈಚಾಚುವಷ್ಟರಲ್ಲಿ ಅವನು ತಾಗಿಸಿಯೇ ಬಿಟ್ಟ.

ಅಂಟಿತು. ಕೊನೆಗೂ ಒಂದು ಅಸಲಿ!

ಎಳೆದ. ಬರಲಿಲ್ಲ. ಬಾಯಿ ತುಂಬ ಸುಡುಗಾಡಿನ ರುಚಿ. ನಾಲಿಗೆಯ ಪಸೆಯೆಲ್ಲ ಮಣ್ಣಿಗಿಳಿಯಿತು. ಒಳಗಿನಿಂದ ಏನೋ ಚೀಪುತ್ತಿತ್ತು. ನಿಧಾನವಾಗಿ. ಹಸಿದ ಮಗುವಿನಂತೆ. ಕೂಗಿದ. ಸದ್ದಿಲ್ಲ. ಮತ್ತೆ ಕೂಗಿದ. ಗಂಟಲು ಉಬ್ಬಿತು, ಬರೀ ಗಾಳಿ. ಬಿಲ್ಲೆ ತಾನಾಗಿ ಕಳಚಿ ಚಾಪೆಯ ಮೇಲೆ ಬಿತ್ತು. ಧ್ವನಿ ಮಾತ್ರ ಹಿಂದಿರುಗಲಿಲ್ಲ.

“ಅಯ್ಯೋ ನಿನ್ನ!” ಮುನಿತಾಯಮ್ಮ ಎದೆ ಬಡಿದುಕೊಂಡಳು. “ಬಡ್ಕೊಂಡ್ನಲ್ಲೋ! ಇನ್ನೊಂದು ನಾಲಿಗೆ ಸಿಕ್ಕೋಗಂಟ ಇದು ಬಿಡಾಕಿಲ್ಲ. ಮಂತ್ರ ಹಾಕ್ದೋನೇ ಹೇಳಿದ್ದ. ನಮ್ಮೋರು ಯಾರ್ ಬಾಯಿಗೂ ಮುಟ್ಟಿಸ್ಲಿಲ್ಲ, ಮೂಗರಾಗೇ ಹೋದ್ರು. ಇರು, ನೀರು ತರ್ತೀನಿ.”

ಅವಳು ಒಳಗೆ ಹೋದಳು. ಮುರಳಿ ಬಂದ.

“ಏನ್ ಗುರು, ಮುಖ ಹಿಂಗ್ ಬೆವರಿದೆ? ಅಸಲಿನಾ?” ಬಿಲ್ಲೆಯನ್ನೆತ್ತಿ ಅತ್ತಿತ್ತ ತಿರುಗಿಸಿದ. “ನಾನೂ ಒಂದ್ಸಲ ನೋಡ್ಲಾ? ನೀನೇ ಕಲ್ಸಿದ್ದಲ್ವಾ.”

ಕೈ ಹಿಡಿದರೆ ಸಾಕಿತ್ತು. ತಲೆಯಲ್ಲಾಡಿಸಿ ಬೇಡವೆಂದರೂ ಸಾಕಿತ್ತು. ಕಾಂತರಾಜು ತನ್ನ ಕೈಯನ್ನೇ ನೋಡಿದ. ಬಲು ಭಾರವಾಗಿತ್ತು. ಮುರಳಿ ನಾಲಿಗೆ ಚಾಚಿದ. ಕಾಂತರಾಜು ಕಣ್ಣು ಮುಚ್ಚಿಕೊಂಡ.

ಬಿಲ್ಲೆ ಮತ್ತೆ ಚಾಪೆಯ ಮೇಲೆ ಬಿದ್ದ ಸದ್ದಾಯಿತು. ಕಾಂತರಾಜುವಿನ ಗಂಟಲು ತೆರೆಯಿತು. ಬೇಡವೆಂದರೂ ಮಾತು ತಾನಾಗಿ ಹೊರಬಿತ್ತು: “ಅಸಲಿ.”

ಚೊಂಬು ಹಿಡಿದು ಬಂದ ಮುನಿತಾಯಮ್ಮ ಬಾಗಿಲಲ್ಲೇ ನಿಂತಳು. “ಈಗ ಮಾತಾಡಿದ್ದು ಯಾರಪ್ಪಾ?”

“ನಾನೇ ಅಜ್ಜಿ.”

ಮುರಳಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಹೆಂಡತಿ ಬಿಂದುಶ್ರೀಯ ಹೆಸರು. ಅವನು ಅದನ್ನು ಕಿವಿಗಿಟ್ಟುಕೊಂಡು ಬಾಯಿ ತೆರೆದ.