ಒಣಗಿಸೋದೊಂದು ಬಾಕಿ

ಪಿಸ್ತೂಲಿನ ತುದಿ ನನ್ನ ಕಿವಿಯ ಹಿಂದೆ ತಣ್ಣಗೆ ಕೂತಿತ್ತು.

"ಅಲ್ಲಾಡಿದ್ರೆ ಸುಟ್ಟುಬಿಡ್ತೀನಿ!" ಎಂದ ಗೂಳಿ.

ಆ ಹೆಸರಿಟ್ಟವನು ನಾನೇ. ಅವನಲ್ಲಿ ಕತ್ತು ಅನ್ನೋದು ಕಾಣುತ್ತಿರಲಿಲ್ಲ. ಮೆದುಳೂ ಅಷ್ಟೇ.

ಎದುರಿಗೆ ನನ್ನ ಭಾವ, ಅಕ್ಕನ ಗಂಡ. ಕುರ್ಚಿಗೆ ಕಟ್ಟಿಹಾಕಿ ಬಾಯಿಗೆ ಪ್ಲಾಸ್ಟರ್ ಅಂಟಿಸಿದ್ದರು. ಮದುವೆಯಾದಾಗಿನಿಂದ ಅವರು ಇಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲು... ಆದರೂ ಆ ಕಣ್ಣಲ್ಲಿ ಭಯವಿತ್ತು.

ಪಕ್ಕದಲ್ಲಿ ಸೂಟು ಹಾಕಿದ ಸಾಹುಕಾರ. ಈ ಬ್ಯಾಂಡೇಜ್ ಫ್ಯಾಕ್ಟರಿಯ ಮಾಲೀಕ, ಗೂಳಿಯ ಧಣಿ.

"ಜಾಡಿ ಕೊಡು. ಭಾವನ್ನ ಕರ್ಕೊಂಡು ಹೋಗು."

ಮೇಜಿನ ಮೇಲಿಟ್ಟೆ. ಗಾಜಿನ ಜಾಡಿ. ಒಳಗೆ ಸ್ಪಿರಿಟ್ಟು, ಅದರೊಳಗೆ ಸಾವಿರಾರು ಬಿಳಿ ಮಣಿಗಳು.

ಕಳೆದದ್ದನ್ನು ಹುಡುಕಿ ತರುವುದು ನನ್ನ ಕಸುಬು. ಕಳೆದದ್ದು ಅಕ್ಕನ ಗಂಡನಾದರೆ ಫೀಸಿಲ್ಲ! ಅಕ್ಕನ ಕಸುಬೇ ಬೇರೆ. ಕಡಲಪಾಚಿಯ ಅಂಟನ್ನು ಕ್ಯಾಲ್ಸಿಯಂ ನೀರಿಗೆ ಹನಿ ಹನಿಯಾಗಿ ಬಿಡುತ್ತಾಳೆ. ಹನಿ ಗಟ್ಟಿಯಾಗಿ ಮಣಿಯಾಗುತ್ತದೆ. ಒಳಗಿನ ನೀರು ತೆಗೆದು ಸ್ಪಿರಿಟ್ ತುಂಬುತ್ತಾಳೆ. ಕೊನೆಗೆ ಆ ಸ್ಪಿರಿಟ್ಟನ್ನೂ ಉಪಾಯವಾಗಿ ಹೊರಗೆ ಕಳಿಸಿದರೆ ಮಣಿಯೊಳಗೆ ಉಳಿಯುವುದು ಸ್ಪಂಜಿನ ಹಾಗೆ ಬರೀ ತೂತು! ಗಾಯಕ್ಕೆ ಒತ್ತಿದರೆ ರಕ್ತ ಹೀರಿ ನಿಲ್ಲಿಸುತ್ತದೆ. ತೂತು ಮಾಡಲು ಅಷ್ಟೊಂದು ಓದಿದವಳು ನನ್ನಕ್ಕ ಒಬ್ಬಳೇ ಇರಬೇಕು.

"ಒಣಗಿಸೋದೊಂದು ಬಾಕಿ ಕಣೋ," ಎಂದಿದ್ದಳು ಜಾಡಿ ಕೊಡುವಾಗ. "ಗ್ಯಾಸ್ ತುಂಬಿದ ಟ್ಯಾಂಕಲ್ಲಿ, ಒತ್ತಡ ಕೊಟ್ಟು, ನಿಧಾನವಾಗಿ. ಓವನ್‌ಗೆ ಮಾತ್ರ ಇಡಬೇಡ ಅನ್ನು. ಮಣಿ ಮುದುಡಿ ಸಾಸಿವೆಕಾಳಾಗುತ್ತೆ."

ಒಳ್ಳೆಯ ತಮ್ಮನಾಗಿ ಹೇಳಿದೆ.

"ಇನ್ನೂ ಒಣಗಿಲ್ಲ ಸಾರ್. ಅದಕ್ಕೊಂದು ಕ್ರಮ..."

"ಒಣಗಿಸೋದನ್ನ ನನಗೆ ಹೇಳ್ಕೊಡ್ತೀಯಾ?" ಸಾಹುಕಾರ ನಕ್ಕ. "ಮೀಸೆ ಬಂದಾಗಿಂದ ಬ್ಯಾಂಡೇಜ್ ಬಟ್ಟೆ ಒಣಗಿಸ್ತಿದೀನಿ!"

ಗೋಡೆ ಪಕ್ಕ ಬೀರುವಿನಷ್ಟು ದೊಡ್ಡ ಓವನ್ ಆಗಲೇ ಕಾದಿತ್ತು. ಸಾಹುಕಾರ ಜಾಡಿಯನ್ನು ಪೂರ್ತಿ ಟ್ರೇಗೆ ಸುರಿದ.

"ಸಾರ್, ಅದರಲ್ಲಿರೋದು ಸ್ಪಿ..."

"ಬಾಯ್ಮುಚ್ಚು!"

ಮುಚ್ಚಿದೆ. ದೊಡ್ಡವರ ಮಾತು ಮೀರುವುದು ನಮ್ಮ ವಂಶದಲ್ಲೇ ಇಲ್ಲ.

ಟ್ರೇ ಒಳಗೆ ಹೋಯಿತು. ಬಾಗಿಲು ಬಿತ್ತು. ಬಾಗಿಲಿನ ಗಾಜಿಗೆ ಕೈ ಒತ್ತಿಕೊಂಡು ಸಾಹುಕಾರ ಇಣುಕುತ್ತ ನಿಂತ. ಗೂಳಿಯೂ ಬಾಯಿಬಿಟ್ಟುಕೊಂಡು ಅತ್ತಲೇ ನೋಡುತ್ತಿದ್ದಾಗ ನಾನು ಮೆಲ್ಲಗೆ ಭಾವನ ಕುರ್ಚಿಯ ಹಿಂದಕ್ಕೆ ಸರಿದೆ.

"ತಾಳಿದವನು ಬಾಳಿಯಾನು ಅಂತಾರೆ ಸಾರ್."

"ಅಂದ್ರೆ?"

ಢಮಾರ್!

ಓವನ್ನಿನ ಬಾಗಿಲು ಹಾರಿತು. ಗಾಜು ಚೂರು ಚೂರಾಯಿತು. ಗೂಳಿ ಕಿವಿ ಮುಚ್ಚಿಕೊಂಡ, ಪಿಸ್ತೂಲು ಕೆಳಗೆ ಬಿತ್ತು. ಅದನ್ನು ದೂರಕ್ಕೆ ಒದ್ದು, ಕುರ್ಚಿ ಸಮೇತ ಭಾವನನ್ನು ಎಳೆದುಕೊಂಡು ಓಡಿದೆ. ಕಾರಿಡಾರ್... ಬಟ್ಟೆ ಮೂಟೆಗಳು... ಮೆಟ್ಟಿಲು! ಭಾವ ಪ್ರತಿ ಮೆಟ್ಟಿಲಿಗೂ ಒಂದೊಂದು ಸಲ ಮೂಗಲ್ಲೇ ಬೈದರು.

ಅಂಗಳದಲ್ಲಿ ಕಾರು, ಸ್ಟೀರಿಂಗ್ ಹಿಡಿದ ಅಕ್ಕ.

"ಹೊರಡು ಅಕ್ಕಾ!"

ಅವಳು ನನ್ನ ಹಿಂದೆ ನೋಡುತ್ತಿದ್ದಳು. ಗೂಳಿ ಕಾಂಪೌಂಡ್ ಹಾರಿ ಓಡುತ್ತಿದ್ದ. ಸ್ವಾಮಿನಿಷ್ಠೆ ಅಂದರೆ ಹಾಗಿರಬೇಕು! ಸಾಹುಕಾರ ಮೆಟ್ಟಿಲ ಮೇಲೆ ಕುಸಿದಿದ್ದ. ಅಂಗೈ ಸೀಳಿತ್ತು. ತನ್ನದೇ ಫ್ಯಾಕ್ಟರಿಯ ಬ್ಯಾಂಡೇಜನ್ನು ಸುತ್ತಿದ, ಮತ್ತೊಂದು ಸುತ್ತಿದ. ಎಲ್ಲವೂ ತೊಯ್ದು ತೊಟ್ಟಿಕ್ಕಿದವು. ಮುಖ ಸುಣ್ಣವಾಗಿತ್ತು.

ಅಕ್ಕ ಇಳಿದಳು. ಚೀಲದಿಂದ ಪುಟ್ಟ ಬಾಟಲಿ ತೆಗೆದಳು. ಸರಿಯಾಗಿ ಒಣಗಿದ ಮಣಿಗಳು. ಇದ್ದದ್ದು ಅದೊಂದೇ.

"ಅದು ನಾಳೆ ಆಸ್ಪತ್ರೆ ಪರೀಕ್ಷೆಗೆ!"

"ರಕ್ತ ಇವತ್ತು ಹೋಗ್ತಿದೆಯಲ್ಲೋ."

ಬಾಟಲಿ ಪೂರ್ತಿ ಅಂಗೈಗೆ ಸುರಿದು ಬಲವಾಗಿ ಒತ್ತಿದಳು. ಬಿಳಿ ಮಣಿಗಳು ಕೆಂಪಾದವು. ತೊಟ್ಟಿಕ್ಕುವುದು ನಿಧಾನವಾಯಿತು... ನಿಂತಿತು! ನನಗೆ ಅವಳ ಮೇಲೆ ಹೆಮ್ಮೆ, ಸಿಟ್ಟು ಎರಡೂ ಬಂತು.

ಭಾವನ ಬಾಯಿಯ ಪ್ಲಾಸ್ಟರ್ ಕಿತ್ತೆ.

"ಇವನಿಗಾ? ಇವನಿಗ್ಯಾಕೆ ಹಾಕಿದ್ಯೇ?" ಅಂತ ಶುರುಮಾಡಿದರು. ಮತ್ತೆ ಅಂಟಿಸೋಣ ಅನ್ನಿಸಿತು.

ಅಕ್ಕ ಕರೆಸಿದ್ದ ಪೊಲೀಸ್ ಜೀಪಿನ ಸದ್ದು ಹತ್ತಿರವಾಗುತ್ತಿತ್ತು. ಸಾಹುಕಾರ ಅಂಗೈಯನ್ನೇ ಪಿಳಿಪಿಳಿ ನೋಡಿದ.

"ಇದೇನಾ... ಆ ಮಣಿ?"

"ಹೂಂ ಸಾರ್," ಎಂದೆ. "ಕೊನೆಗೂ ನಿಮ್ಮ ಕೈ ಸೇರಿತು!"