ಸೂಡಿಯ ಸತ್ತ ಬಂದೂಕು

ಗಜೇಂದ್ರಗಡ ಪೊಲೀಸ್ ಠಾಣೆಯಷ್ಟು ಗದ್ದಲ ಕಂಡ ಠಾಣೆ ಭೂಮಂಡಲದಲ್ಲಿ ಇನ್ನೊಂದಿಲ್ಲ. ಕೋಟೆ ಗುಡ್ಡದಿಂದ ಒಂದು ಕಲ್ಲು ಉರುಳಿದರೆ ದೂರು ಕೊಡಲು ಇಬ್ಬರು, ಪ್ರತಿದೂರು ಕೊಡಲು ನಾಲ್ವರು ಬಂದು ನಿಲ್ಲುತ್ತಾರೆ. ಅಂಥ ಠಾಣೆಯೂ ಮೇ ಕೊನೆಯ ಭಾನುವಾರ ಮಧ್ಯಾಹ್ನ ಒಂದು ಗಳಿಗೆ ಮೂಕವಾಯಿತು. ಸೂಡಿಯ ಮದುವೆಯಿಂದ ಟೆಂಪೊ ಹತ್ತಿ ಬಂದ ವರನ ಸೋದರಮಾವನ ಶಲ್ಯದ ತುಂಬ ರಕ್ತವಿತ್ತು.

"ನಮ್ಮ ಮದುಮಗ ಈರಬಸುಗ ಗುಂಡ ಹಾಕ್ಯಾರ್ರಿ," ಅಂದ. "ಹೆಣ್ಣಿನ ತಮ್ಮ ಹಾಲೇಶ. ಬಾಗಲದಾಗ ನಿಲ್ಲಿಸಿ ಹಾಕ್ಯಾನ."

"ಹುಡುಗ ಹ್ಯಾಂಗದಾನ?" ಕೇಳಿದವರು ಪಿಎಸ್‌ಐ ಕನಕರಾಜ. ಅವರ ಮೀಸೆ ನೋಡಿಯೇ ನರಗುಂದದ ತನಕ ಕಳ್ಳರು ಕಸಬು ಬದಲಿಸಿದ್ದಾರೆಂದು ಪ್ರತೀತಿ.

"ತೋಳಿನ ಎಲಬು ಮುರದೈತ್ರಿ. ಗದಗಿಗೆ ಒಯ್ದಾರ. ನಿಶ್ಚಯದ ದಿನಾನ ಅಂದಿದ್ದ ಅಂವಾ, ಅಕ್ಕನ್ನ ಅಳಿಸಿದ್ರ ಗುಂಡ ಹಾಕ್ತೀನಿ ಅಂತ. ಐವತ್ತ ಮಂದಿ ಕೇಳ್ಯಾರ."

ಕೊಲೆ ಯತ್ನವೆಂದು ಎಫ್‌ಐಆರ್ ದಾಖಲಾಯಿತು. ಕನಕರಾಜ ಅವರು ಹವಾಲ್ದಾರ ಅಯ್ಯಪ್ಪ ಮತ್ತು ಮಹಿಳಾ ಕಾನ್‌ಸ್ಟೆಬಲ್ ನಿಲೋಫರಳನ್ನು ಜೀಪಿಗೆ ಹತ್ತಿಸಿಕೊಂಡು ಸೂಡಿಗೆ ಹೊರಟರು.

ಬಂದೂಕಿನ ಕತೆ ಸೂಡಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಬ್ರಿಟಿಷ್ ಸೈನ್ಯ ಬೇಡವೆಂದು ಹರಾಜು ಹಾಕಿದ ರೈಫಲ್ಲದು. ಈಗಿನ ಒಡೆಯ ಟಿಪ್ಪುಸಾಬನ ಅಜ್ಜ ಬೆಳೆ ಕಾಯಲು ತಂದಿದ್ದ. ಲೈಸೆನ್ಸು ಮಾತ್ರ ಇಂದಿಗೂ ಜೀವಂತ. ಬಂದೂಕು ಸತ್ತು ಎರಡು ತಲೆಮಾರಾಗಿತ್ತು. ಅದರ ತುಕ್ಕು ಕೆರೆದು ಮಾರಿದ್ದರೆ ರೋಣದ ಸಂತೆಯಲ್ಲಿ ಒಂದು ಎಮ್ಮೆ ಬರುತ್ತಿತ್ತು. ಆದರೂ ಅದಿಲ್ಲದೆ ಊರಲ್ಲಿ ಮದುವೆಯಾಗದು, ಯಾವ ಜಾತಿಯದೇ ಇರಲಿ. ಬಾಗಿಲಲ್ಲಿ ಹೆಣ್ಣಿನ ತಮ್ಮ ಅದನ್ನು ಹಿಡಿದು ಮದುಮಗನನ್ನು ತಡೆಯಬೇಕು. ಮದುಮಗ ಪ್ರಾಸದ ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಬೇಕು. ಒಡಪು ಸಪ್ಪೆಯಾದರೆ ತಮ್ಮ ಬೋಲ್ಟ್ ಎಳೆದು ಟ್ರಿಗರ್ ಒತ್ತುತ್ತಾನೆ. ಖಟ್ ಅನ್ನುತ್ತದೆ, ಮಂದಿ ನಗುತ್ತಾರೆ.

ಈ ಸಲ ಅದು ಖಟ್ ಅನ್ನಲಿಲ್ಲ.

ಸ್ಥಳ ಪಂಚನಾಮೆ ನಡೆಯಿತು. ಗುಂಡು ತೋಳು ಹಾದು ಚಪ್ಪರದ ಗಳದಲ್ಲಿ ಹೂತಿತ್ತು. ರೈಫಲ್ಲು ಬಿದ್ದಲ್ಲೇ ಬಿದ್ದಿತ್ತು. ಮುಟ್ಟುವ ಧೈರ್ಯ ಯಾರಿಗೂ ಆಗಿರಲಿಲ್ಲ.

"ಅಯ್ಯಪ್ಪ, ಒಳಗ ಮತ್ತೇನರ ಉಳದೈತೇನ್ ನೋಡ್ರಿ," ಅಂದರು ಕನಕರಾಜ. ಠಾಣೆಯಲ್ಲಿ ಆಯುಧದ ಕಸಬು ಬಲ್ಲವರು ಅಯ್ಯಪ್ಪ ಒಬ್ಬರೇ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರೈಫಲ್ ಬಿಚ್ಚಿ, ಚಹಾ ಆರುವುದರೊಳಗೆ ಜೋಡಿಸುವ ಮನುಷ್ಯ. ಅವತ್ತು ಬೋಲ್ಟ್ ತೆಗೆಯಲು ಎರಡು ಸಲ ಕೈ ಜಾರಿತು.

"ಏನಿಲ್ರಿ. ಖಾಲಿ ಐತಿ."

ಟಿಪ್ಪುಸಾಬ ಗೋಡೆಗೆ ಒರಗಿ ಕೂತಿದ್ದ.

"ರಿಪೇರಿ ಯಾರ ಮಾಡಿದ್ರು?" ಕನಕರಾಜ ಕೇಳಿದರು.

"ಯಾರೂ ಇಲ್ರಿ. ಹೋದ ದೀಪಾವಳಿ ಆದಮ್ಯಾಲ ಮಠದವರ ಮದುವ್ಯಾಗ ಖಟ್ ಅಂದಿತ್ತು. ಆಮ್ಯಾಲ ಇಲೆಕ್ಷನ್ ಬಂತು, ಬಂದೂಕೆಲ್ಲಾ ಠಾಣ್ಯಾಗ ಇಡಬೇಕಂದ್ರು, ನಿಮ್ಮಲ್ಲೇ ಇಟ್ಟೆ. ಬುಧವಾರ ತಂದು ಅಟ್ಟಕ್ಕ ಒಗದೆ. ಇವತ್ತ ಈ ಹುಡುಗ ಒಯ್ದ."

"ತರೋವಾಗ ಬಿಚ್ಚಿ ನೋಡ್ಲಿಲ್ಲ?"

"ಸತ್ತದ್ದನ್ನ ಏನ್ ನೋಡೂದ್ರಿ? ಚಾದರದಾಗ ಸುತ್ತಿ ಕೊಟ್ರು, ಬಸ್ ಹೊಂಟಿತ್ತು, ಹತ್ತಿದೆ."

ಹಾಲೇಶನನ್ನು ಜೀಪಿಗೆ ಹತ್ತಿಸುವಾಗ ಅವನ ತಾಯಿ ತಿಪ್ಪವ್ವ ಅಡ್ಡ ನಿಂತಳು. ಒಳಗೆ ಮದುಮಗಳು ಅನ್ನಪೂರ್ಣೇಶ್ವರಿ ಅರಿಶಿಣದ ಮೈಯಲ್ಲೇ ಗದಗಿನ ದವಾಖಾನೆಗೆ ಹೊರಡುತ್ತಿದ್ದಳು.

"ಒಂದ ಕಣ್ಣು ಅಲ್ಲಿ ಅಳಾಕತ್ತೈತಿ, ಒಂದನ್ನ ನೀವ ಒಯ್ಯಾಕತ್ತೀರಿ," ಅಂದಳು ತಿಪ್ಪವ್ವ. "ಯಾವುದನ್ನ ಒರಸ್ಲಿ ನಾ?"

ಕನಕರಾಜ ಅವಳನ್ನು ಬಳಸಿ ಹೋಗಿ ಜೀಪಿನ ಬಾಗಿಲನ್ನು ಮೆಲ್ಲಗೆ ಹಾಕಿದರು.

ಠಾಣೆಯಲ್ಲಿ ಹಾಲೇಶ ಹೇಳಿದ್ದು ಇಷ್ಟೇ: "ಚ್ಯಾಷ್ಟಿ ಮಾಡಿದ್ದೆ ಸರ್, ಆವತ್ತೂ, ಇವತ್ತೂ. ಬಂದೂಕು ಹೊಳೀತಿತ್ತು, ಮದುವಿಗಂತ ಒರಸ್ಯಾರ ಅಂದ್ಕೊಂಡೆ." ಅಯ್ಯಪ್ಪ ಅವನಿಗೆ ಚಹಾ ತರಿಸಿಕೊಟ್ಟರು, ಹೊದೆಯಲು ತಮ್ಮ ಚಾದರ ಕೊಟ್ಟರು.

ಸೋಮವಾರ ಮಧ್ಯಾಹ್ನದೊಳಗೆ ಅವನನ್ನು ರೋಣದ ನ್ಯಾಯಾಲಯಕ್ಕೆ ಹಾಜರುಪಡಿಸಬೇಕಿತ್ತು. ಕೊಲೆ ಯತ್ನದ ಆರೋಪಿಯೆಂದು ಹೋದರೆ ಜಾಮೀನು ಸುಲಭವಿಲ್ಲ, ಅಕ್ಕನ ಮದುವೆಯೂ ಅಲ್ಲಿಗೆ ಮುಗಿದಂತೆ. ಬೆಳಿಗ್ಗೆ ಕನಕರಾಜ ರೈಫಲ್ಲನ್ನು ಮೇಜಿನ ಮೇಲಿಟ್ಟರು. ಎಂಬತ್ತು ವರ್ಷದ ಮುದುಕ ಮದುಮಗನಾಗಿ ಕೂತಂತಿತ್ತು. ತುಕ್ಕಿನ ಚುಕ್ಕೆಯಿಲ್ಲ. ಗುಂಡಿನ ಬೆನ್ನಿಗೆ ಬಡಿಯುವ ಫೈರಿಂಗ್ ಪಿನ್ನು ಹೊಚ್ಚ ಹೊಸದು. ಮರದ ಹಿಡಿ ಕನ್ನಡಿಯಂತೆ ಹೊಳೆಯುತ್ತಿತ್ತು.

ನಿಲೋಫರ ಮೂಸಿ ನೋಡಿದಳು. "ಸರ್, ನಮ್ಮ ಮನ್ಯಾಗ ಅಗಸಿ ಹಿಂಡಿ ಕುಟ್ಟಿದಂಗ ವಾಸನಿ ಬರ್ತೈತ್ರಿ."

"ಹಾಲೇಶ ಮಷೀನ ರಿಪೇರಿ ಅಂತ ನರಗುಂದಕ್ಕ ಹೋಗ್ತಾನಲ್ಲ?" ಅಂದರು ಕನಕರಾಜ.

"ಹೌದ್ರಿ. ಔಷಧ ಹೊಡಿಯೋ ಪಂಪು."

"ನಡಿ. ಈ ಪಿನ್ನು ಅಲ್ಲೇ ಎಲ್ಲೋ ಮಾಡಿಸ್ಯಾನ."

ಹಾಲೇಶನ ವಿರುದ್ಧ ಸಾಕ್ಷಿ ಹುಡುಕಲೆಂದೇ ಅವರು ಹೋದದ್ದು. ನರಗುಂದದ ನಜೀರಸಾಬ ಲೇತ್ ಮಷಿನ್ನಿನಲ್ಲಿ ಸೊಳ್ಳೆಯ ಕಾಲಿಗೂ ತಿರುಪು ಕೊರೆಯುತ್ತಾನೆಂದು ಹೆಸರಾದವನು. ಹಾಲೇಶನ ಫೋಟೊ ನೋಡಿ ತಲೆಯಾಡಿಸಿದ.

"ಈ ಹುಡುಗನ್ನ ಕಂಡಿಲ್ರಿ."

"ಈ ಪಿನ್ನು?"

"ಇದು ನಂದ್ರಿ," ಅಂದ ಹೆಮ್ಮೆಯಿಂದ. "ಮೂರ ಸಲಾ ವಾಪಸ್ ಮಾಡಿದ್ರು ಪುಣ್ಯಾತ್ಮರು. ಕೂದಲೆಳಿ ಹೆಚ್ಚಾತು ಅಂತಾರ, ಕಡಿಮಿ ಆತು ಅಂತಾರ. ಆ ಬೆಂಚಿನ ಮ್ಯಾಲ ಊಟಾ ಬಿಟ್ಟು ಕುಂತಿದ್ರು."

"ಯಾರು?"

ನಜೀರಸಾಬ ಇಬ್ಬರ ಖಾಕಿಯನ್ನೂ ನೋಡಿದ. "ಸರ್ಕಾರಿ ಕೆಲಸ ಅಂದ್ರಲ್ರೀ. ನಿಮ್ಮ ಅಯ್ಯಪ್ಪ ಹವಾಲ್ದಾರ್ರು."

ಜೀಪು ಗಜೇಂದ್ರಗಡದತ್ತ ತಿರುಗಿತು. ರೋಣದ ದಾರಿ ಕವಲೊಡೆಯುವಲ್ಲಿ ನಿಲೋಫರ ಮೆಲ್ಲಗೆ ಅಂದಳು: "ನನಗ ಬಂದೂಕ ಹಿಡಿಯಾಕ ಕಲಿಸಿದವರ ಅವರು ಸರ್."

"ನನಗೂ," ಅಂದರು ಕನಕರಾಜ.

ಅಯ್ಯಪ್ಪ ಆಯುಧ ಕೋಣೆಯಲ್ಲಿದ್ದರು. ಹೆಸರಿಗೆ ಆಯುಧ ಕೋಣೆ. ಹೊಸ ಬಂದೂಕುಗಳ ರಿಪೇರಿ ಜಿಲ್ಲಾ ಕೇಂದ್ರಕ್ಕೆ ಹೋದ ಮೇಲೆ ಅಲ್ಲಿ ಜಪ್ತಿಯಾದ ಮೊಪೆಡ್ಡು, ಇಸ್ಪೀಟಿನ ಕಟ್ಟು, ಹರಿದ ಬ್ಯಾನರು ತುಂಬಿದ್ದವು. ಮೂಲೆಯ ಶೀಶೆಯಲ್ಲಿ ಮರದ ಹಿಡಿಗೆ ಹೊಳಪು ಕೊಡುವ ಅಗಸೆ ಎಣ್ಣೆಯಿತ್ತು.

"ಗುಂಡು ಎಲ್ಲಿಂದ ಬಂತು?" ಕೇಳಿದರು ಕನಕರಾಜ.

"ಹಿಂದಿನ ಪ್ರಾಕ್ಟೀಸಿನಾಗ ಉಳದದ್ದು. ಠಾಣೇದು."

"ಹಾರಿಸಿ ನೋಡಿದ್ರಿ?"

"ಗುಡ್ಡದ ಹಿಂದ, ಕ್ವಾರಿ ಒಳಗ. ಬುಧವಾರ ಮುಂಜಾನೆ." ಅಯ್ಯಪ್ಪ ನಿಂತೇ ಇದ್ದರು. "ಭಾಳ ಚಲೋ ನಡದಿತ್ರಿ ಸಾಹೇಬ್ರ. ಇನ್ನೊಂದ ಗುಂಡು ಒಳಗಿತ್ತು, ಅದನ್ನೂ ಹಾರಸಾಂವ ಇದ್ದೆ. ಟಿಪ್ಪುಸಾಬ ಬಂದಾನ ಅಂತ ಫೋನ್ ಬಂತು. ಓಡಿ ಬಂದೆ."

"ಖಾಲಿ ಮಾಡ್ಲಿಲ್ಲ?"

"ಠಾಣೆಗೆ ಬಂದು ಮಾಡ್ತೀನಿ ಅಂದ್ಕೊಂಡೆ. ಅಂವಾ ಎದುರಿಗೇ ನಿಂತಿದ್ದ. ಬಿಚ್ಚಿ ನೋಡ್ತಾನ, ಮುಖ ಹ್ಯಾಂಗಾಗ್ತೈತಿ ನೋಡೂಣು ಅಂತ ಅವನ್ನ ನೋಡ್ಕೋತನ ನಿಂತೆ. ಸಹಿ ಮಾಡಿದ, ಬಗಲಾಗ ಇಟಗೊಂಡ ಹೋದ. ಅವನ ಹಿಂದನ ಬಸ್‌ಸ್ಟ್ಯಾಂಡಿನ ತನಕ ಹೋದೆ ಸಾಹೇಬ್ರ. ಆಗರ ನೆನಪಾಗಬೇಕಿತ್ತು."

"ಅಲ್ರಿ, ಮಾಡ್ರಿ ಅಂತ ನಿಮಗ ಯಾರ ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಹನ್ನೊಂದ ವರ್ಷ ಆತು, ಯಾರೂ ಏನೂ ಮಾಡ್ರಿ ಅಂದಿಲ್ಲ ನನಗ."

ಕನಕರಾಜ ಕಿಟಕಿಯತ್ತ ತಿರುಗಿದರು. "ನಿನ್ನೆ ರಾತ್ರಿ ಆ ಹುಡುಗಗ ಚಾದರ ಕೊಟ್ರಿ. ಬಾಯಿ ಬಿಡ್ಲಿಲ್ಲ."

"ಮುಂಜಾನೆ ಹೇಳ್ತೀನಿ ಅಂದ್ಕೊಂಡೆ. ಮುಂಜಾನೆ ನೀವು ನರಗುಂದಕ್ಕ ಹೊಂಟ್ರಿ. ಹೋಗಿ ಬರ್ಲಿ ಅಂತ ಸುಮ್ಮನಾದೆ."

ಅಯ್ಯಪ್ಪನವರ ಬೆಲ್ಟು, ಟೋಪಿ ಮೇಜಿಗೆ ಬಂದವು. ಬಂಧನದ ಸುದ್ದಿಯನ್ನು ಮೇಲಧಿಕಾರಿಗೆ ಕನಕರಾಜರೇ ಫೋನಿನಲ್ಲಿ ತಿಳಿಸಿದರು. ಹಾಲೇಶನ ಮೇಲಿನ ಕೊಲೆ ಯತ್ನದ ಆರೋಪ ಕೈಬಿಡಲು ವರದಿ ಹೋಯಿತು. ಅಜಾಗರೂಕತೆಯ ಆರೋಪವೊಂದು ಉಳಿದು, ಠಾಣೆಯಲ್ಲೇ ಜಾಮೀನು ಸಿಕ್ಕಿತು. ಅವನು ನೆಟ್ಟಗೆ ಗದಗಿನ ಬಸ್ಸು ಹತ್ತಿದ. ದವಾಖಾನೆಯಲ್ಲಿ ಭಾವ ಮುಖ ತಿರುಗಿಸಲಿಲ್ಲವಂತೆ. ಆದರೆ ನಗಲೂ ಇಲ್ಲವಂತೆ.

ತಪ್ಪೊಪ್ಪಿಗೆಯ ಸುದ್ದಿ ಕೇಳಿದ ಟಿಪ್ಪುಸಾಬ ಲಾಕಪ್ಪಿನ ಕಂಬಿಯ ಮುಂದೆ ಬಂದು ನಿಂತ.

"ನಮ್ಮ ಅಜ್ಜ ತಾನ ಅದರ ಪಿನ್ನು ಮುರದು ಬಾವಿಗೆ ಒಗದಿದ್ದ ಹವಾಲ್ದಾರ್ರ. ಮನ್ಯಾಗ ಹುಡುಗರು ಆದ್ವು, ಇನ್ನ ಇದು ಸಾಯ್ಲಿ ಅಂತ. ನನ್ನ ಒಂದ ಮಾತು ಕೇಳಿದ್ರ ಹೇಳ್ತಿದ್ದೆ."



ಕೊನೆಗೆ ಬಂದೂಕಿನ ತಪಾಸಣೆಯ ಪಂಚನಾಮೆ ಉಳಿದಿತ್ತು. ಜಿಲ್ಲಾ ಕೇಂದ್ರದಿಂದ ಬಂದ ಆಯುಧ ತಜ್ಞ ರೈಫಲ್ಲನ್ನು ಬಿಚ್ಚಿ ನೋಡಿ ಹೇಳಿದ್ದನ್ನು ನಿಲೋಫರ ಬರೆದುಕೊಂಡಳು. ಪಂಚರ ಸಹಿಯಾಯಿತು. ನಿಯಮದಂತೆ ಅದನ್ನು ಆರೋಪಿಗೆ ಓದಿ ಹೇಳಬೇಕು. ಅವಳು ಕಂಬಿಯ ಈಚೆ ನಿಂತು ಓದತೊಡಗಿದಳು.

"ನಳಿಗೆ ಸ್ವಚ್ಛವಾಗಿದೆ. ಬೋಲ್ಟ್ ಸರಾಗವಾಗಿ ಚಲಿಸುತ್ತದೆ. ಫೈರಿಂಗ್ ಪಿನ್ನಿನ ಅಳತೆ ಕರಾರುವಾಕ್ಕಾಗಿದೆ. ಬಂದೂಕು ಅತ್ಯುತ್ತಮ ಸ್ಥಿತಿಯಲ್ಲಿದೆ."

ಅಯ್ಯಪ್ಪ ಕಂಬಿ ಹಿಡಿದುಕೊಂಡು ಹಾಗೆಯೇ ನೆಲಕ್ಕೆ ಕೂತರು. ನಿಲೋಫರ ಹಾಳೆ ಕೆಳಗಿಳಿಸಿ, ಕಂಬಿಯ ಈಚೆ ತಾನೂ ಕೂತಳು.