ಎಲ್ಲೂ ಬರೆಯದ ಸಂಖ್ಯೆ

"ತಪ್ಪು: ಸಾಲು ೨೬."

ಪರದೆಯ ಮೇಲೆ ಅಷ್ಟೇ ಮೂಡಿತು. ಯಂತ್ರ ಸುಮ್ಮನಾಯಿತು.

ಜಮಾಲುದ್ದೀನ್ ಮತ್ತೊಮ್ಮೆ ಗುಂಡಿ ಒತ್ತಿದ. ಫ್ಲಾಪಿ ಗರಗರ ತಿರುಗಿತು. ಮತ್ತೆ ಅದೇ — ತಪ್ಪು, ಸಾಲು ೨೬. ಯಾವ ತಪ್ಪು ಎಂದು ಬಿಡಿಸಿ ಹೇಳುವ ಸೌಜನ್ಯವನ್ನು ನಾವು ನಮ್ಮ ಕಂಪೈಲರ್‌ಗೆ ಇನ್ನೂ ಕಲಿಸಿರಲಿಲ್ಲ.

"ಇಪ್ಪತ್ತಾರನೇ ಸಾಲಿನಲ್ಲಿ ಎಂತ ಉಂಟು?" ಎಂದು ಕೇಳಿದರು ಅಲೆಕ್ಸಾಂಡರ್. ಕೆಲವು ಕಾಲೇಜುಗಳ ಪರವಾಗಿ ನಮ್ಮ ಕಂಪೈಲರ್ ನೋಡಲು ಮಂಗಳೂರಿನಿಂದ ಮಣಿಪಾಲಕ್ಕೆ ಬಂದಿದ್ದ ಹಿರಿಯರು ಅವರು.

"ಅದರ್‌ವೈಸ್," ಎಂದ ಜಮಾಲುದ್ದೀನ್.

ಮನುಷ್ಯರು ಪ್ಯಾಸ್ಕಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವುದು ಕಂಪೈಲರ್. ಅಂಥದ್ದೊಂದನ್ನು ನಾವೇ ಕಟ್ಟುತ್ತಿದ್ದೆವು. ಸಾವಿರದ ಒಂಬೈನೂರ ಎಂಬತ್ತೈದು, ಒಂದು ಮುದ್ರಣಾಲಯದ ಮಹಡಿಯ ಮೇಲಿನ ಎರಡು ಕೋಣೆ, ಒಂದೇ ಯಂತ್ರ. ಯಜಮಾನರು ಅಲೋಶಿಯಸ್ ಸರ್. ಬರೆಯುವವರು ಐರಿನ್, ಸಿಲ್ವೆಸ್ಟರ್ ಮತ್ತು ಹೆಜಮಾಡಿಯ ಜಮಾಲುದ್ದೀನ್. ಕೈಪಿಡಿ ಬರೆಯುವ ಕೆಲಸ ಮಾತ್ರ ನನ್ನದು.

'ಅದರ್‌ವೈಸ್' ಎಂಬುದು ಮೂಲ ಪ್ಯಾಸ್ಕಲ್‌ನಲ್ಲಿ ಇಲ್ಲದ ಪದ; 'ಯಾವುದೂ ಅಲ್ಲದಿದ್ದರೆ' ಎಂದು ಅರ್ಥ. ಜಮಾಲುದ್ದೀನ್ ಅದನ್ನು ಸೇರಿಸಿದ್ದ. ಅದಕ್ಕಾಗಿ ತಿಂಗಳುಗಟ್ಟಲೆ ಜಗಳ ನಡೆದಿತ್ತು.

"ನೋಡಿ ಐರಿನ್ ಮೇಡಂ," ಎನ್ನುತ್ತಿದ್ದ ಅವನು, "ಪಡುಬಿದ್ರಿ ಜಂಕ್ಷನ್‌ಗೆ ನಾನು ಹೆಜಮಾಡಿಯಿಂದ ಬರುತ್ತೇನೆ. ಉಡುಪಿಗಾದರೆ ನೇರ, ಕಾರ್ಕಳಕ್ಕಾದರೆ ಬಲಕ್ಕೆ. ಬೇರೆಲ್ಲಿಗೋ ಹೋಗುವವನು ಬಂದರೆ? ನಿಮ್ಮ ಶುದ್ಧ ಪ್ಯಾಸ್ಕಲ್ ಅವನನ್ನು ಬಸ್ಸಿನಿಂದ ಹೊರಗೆ ದೂಡುತ್ತದೆ. ನನ್ನ ಅದರ್‌ವೈಸ್, 'ಸ್ವಲ್ಪ ಕುಳಿತುಕೊಳ್ಳಿ, ವಿಚಾರಿಸುವ' ಎನ್ನುತ್ತದೆ."

"ಎಲ್ಲಿಗೆ ಹೋಗುವುದು ಅಂತ ಗೊತ್ತಿಲ್ಲದವನು ಬಸ್ಸು ಹತ್ತಿದ್ದೇ ಯಾಕೆ ಮಾರಾಯ?" ಎನ್ನುತ್ತಿದ್ದಳು ಐರಿನ್. "ಭಾಷೆ ಸಣ್ಣದಿದ್ದರೇ ಚಂದ. ಇವತ್ತು ನಿನಗೊಂದು ಪದ, ನಾಳೆ ಮತ್ತೊಬ್ಬನಿಗೆ ಇನ್ನೊಂದು. ಕೊನೆಗೆ ಅದು ಪ್ಯಾಸ್ಕಲ್ ಅಲ್ಲ, ಸಂತೆ!"

ಇಬ್ಬರೂ ಬೋರ್ಡಿನ ತುಂಬ ಗೀಚುತ್ತಿದ್ದರು. ಸಿಲ್ವೆಸ್ಟರ್ ಮಾತಾಡುತ್ತಿರಲಿಲ್ಲ. ಎಲ್ಲರಿಗೂ ಚಹಾ ತಂದಿಟ್ಟು, ಜಗಳ ಮುಗಿದ ಮೇಲೆ ಬೋರ್ಡು ಒರೆಸುತ್ತಿದ್ದ. ಕೊನೆಗೆ ಅಲೋಶಿಯಸ್ ಸರ್ ಚಪ್ಪಾಳೆ ತಟ್ಟಿ ಅದರ್‌ವೈಸ್ ಇರಲಿ ಎಂದಿದ್ದರು.

ಈಗ ಅದೇ ಸಾಲಿನಲ್ಲಿ ತಪ್ಪು! ಗ್ರಂಥಾಲಯದ ಪುಸ್ತಕಗಳನ್ನು ವಿಂಗಡಿಸುವ ಪುಟ್ಟ ಪ್ರೋಗ್ರಾಮ್ ಅದು. ಯಾವ ವಿಭಾಗಕ್ಕೂ ಸೇರದ ಪುಸ್ತಕಕ್ಕೆ ಹನ್ನೆರಡು ಸಾವಿರದಿಂದ ಸಂಖ್ಯೆ ಕೊಡು ಎಂದು ಆ ಸಾಲು ಹೇಳುತ್ತಿತ್ತು.

ಜಮಾಲುದ್ದೀನನ ಕೈ ನಡುಗುತ್ತಿತ್ತು. ಯಾಕೆಂದು ನಮಗೆಲ್ಲ ಗೊತ್ತಿತ್ತು. ಅವನ ಚಿಕ್ಕಪ್ಪನ ಅಂಗಡಿಗೆಂದು ದುಬೈ ವೀಸಾ ಬಂದಾಗಿತ್ತು. ಇವತ್ತು ಬಂದವರು ಒಪ್ಪಿದರೆ ಇಲ್ಲಿ ಅವನ ಕೆಲಸ ಕಾಯಂ. ಇಲ್ಲದಿದ್ದರೆ ಶುಕ್ರವಾರ ಬೊಂಬಾಯಿ, ಅಲ್ಲಿಂದ ವಿಮಾನ.

ಸಿಲ್ವೆಸ್ಟರ್ ಅವನ ಹೆಗಲ ಮೇಲೆ ಕೈಯಿಟ್ಟ. "ಹೆದರಬೇಡ ಮಾರಾಯ. ಪುಸ್ತಕದ ಸಂಖ್ಯೆ ಒಂಬತ್ತು ಸಾವಿರ ಅಂತ ಮಾಡಿ ಒಮ್ಮೆ ತೋರಿಸಿಬಿಡು."

"ಬಂದವರ ಎದುರಿಗೆ ತೇಪೆ ಹಾಕುವುದು ಬೇಡ!" ಎಂದು ಅಲೋಶಿಯಸ್ ಸರ್ ಗದರಿದರು.

ಅಲೆಕ್ಸಾಂಡರ್ ಒಳ್ಳೆಯವರು. ಗಡಿಯಾರ ನೋಡಿದಂತೆ ಮಾಡಿ, "ನಾವು ಉಡುಪಿಯಲ್ಲಿ ಊಟ ಮುಗಿಸಿ ಮೂರು ಗಂಟೆಗೆ ಬರುತ್ತೇವೆ. ಅಷ್ಟರಲ್ಲಿ ಸರಿಯಾದರೆ ನೋಡುವ," ಎಂದು ಎದ್ದರು.

ಅವರ ಜೀಪು ಹೊರಟ ಸದ್ದು ಕೇಳಿದ್ದೇ ತಡ, ಸರ್ ತಿರುಗಿದರು. "ನಿನ್ನೆ ಸಂಜೆ ಈ ಫ್ಲಾಪಿ ಮಾಡಿದ್ದು ನೀನೇ ಅಲ್ವಾ?"

"ಹೌದು ಸರ್. ಆದರೆ—"

"ಪದವೂ ನಿನ್ನದು, ಫ್ಲಾಪಿಯೂ ನಿನ್ನದು. ಜಮಾಲುದ್ದೀನ್, ಮೇಜು ಖಾಲಿ ಮಾಡು."

"ಸ್ವಲ್ಪ ನಿಲ್ಲಿ ಅಲೋಶಿಯಸ್," ಎಂಬ ದನಿ ಮೂಲೆಯಿಂದ ಬಂತು.

ಝೀಟಾ ಟೀಚರ್! ಕುಕ್ಕುಂದೂರಿನವರು. ಕಾರ್ಕಳದ ಕಾಲೇಜಿನಲ್ಲಿ ನನಗೂ ಜಮಾಲುದ್ದೀನನಿಗೂ ಗಣಿತ ಕಲಿಸಿದವರು. ಹಾಸ್ಟೆಲಿನಲ್ಲಿ ಒಮ್ಮೆ ಪ್ರಶ್ನೆಪತ್ರಿಕೆ ಕಳವಾದಾಗ ಕಳ್ಳನನ್ನು ಊಟದ ಗಂಟೆಯೊಳಗೆ ಹಿಡಿದಿದ್ದರು. ಶಿಷ್ಯನ ಸಂತೋಷ ನೋಡಲೆಂದು ಬೆಳಿಗ್ಗೆ ಬಸ್ಸು ಹತ್ತಿ ಬಂದಿದ್ದರು. ಅವರು ಎದ್ದು, ಜಮಾಲುದ್ದೀನನಿಗೆ ಮೊದಲು ಒಂದು ಲೋಟ ನೀರು ಕೊಟ್ಟರು. ಆಮೇಲೆ ಯಂತ್ರದ ಎದುರು ಕುಳಿತರು.

"ಮೂರು ಗಂಟೆಯವರೆಗೆ ಅವನ ಮೇಜು ಹಾಗೇ ಇರಲಿ. ಮಗಾ, ನಿನ್ನೆ ಇದನ್ನು ಪರೀಕ್ಷೆ ಮಾಡಿದ್ದೆಯಾ?"

"ಮಾಡಿದ್ದೆ ಟೀಚರ್. ಅದರ್‌ವೈಸ್ ಚೆನ್ನಾಗಿಯೇ ಕೆಲಸ ಮಾಡಿತು."

"ಎಂಥ ಸಂಖ್ಯೆ ಹಾಕಿ?"

"ಹತ್ತು... ಇಪ್ಪತ್ತು. ಬೇರೆ ಸಣ್ಣ ಪ್ರೋಗ್ರಾಮ್ ಬರೆದು, ಸುಮ್ಮನೆ ನೋಡಲಿಕ್ಕೆ."

ಟೀಚರ್ ತಲೆಯಾಡಿಸಿದರು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ತಾವೇ ಮೂರು ಸಾಲಿನ ಪ್ರೋಗ್ರಾಮ್ ಬರೆದರು. ಅದರಲ್ಲಿ ಅದರ್‌ವೈಸ್ ಇಲ್ಲವೇ ಇಲ್ಲ. ಒಂದು ಸಂಖ್ಯೆ ತೆಗೆದುಕೊಳ್ಳುವುದು, ಅದನ್ನೇ ತೋರಿಸುವುದು, ಅಷ್ಟೆ. ಹನ್ನೆರಡು ಸಾವಿರ ಹಾಕಿದರು.

ತಪ್ಪು!

"ಅಯ್ಯೋ!" ಎಂದಳು ಐರಿನ್. "ಹಾಗಾದರೆ ಅದರ್‌ವೈಸ್‌ನ ತಪ್ಪೇ ಅಲ್ಲ!"

ಅದರ್‌ವೈಸ್ ಕಂಡರಾಗದ ಐರಿನ್ ಅದರ ಪರವಾಗಿ ಮೊದಲು ಕೂಗಿದ್ದು ನನಗೆ ಇವತ್ತಿಗೂ ನೆನಪಿದೆ.

ಟೀಚರ್ ಹತ್ತು ಸಾವಿರ ಹಾಕಿದರು. ತಪ್ಪು. ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಸರಿ! ಜಮಾಲುದ್ದೀನ್ ಕುರ್ಚಿಯಿಂದ ಎದ್ದೇಬಿಟ್ಟ.

"ಈ ಯಂತ್ರ ಮೂವತ್ತೆರಡು ಸಾವಿರದ ಆಚೆಯವರೆಗೆ ಒಪ್ಪಬೇಕು! ಯಾರೋ ಮಿತಿಯನ್ನು ಇಳಿಸಿದ್ದಾರೆ. ಬರಹದಲ್ಲೇ ಇರಬೇಕು. ಹುಡುಕಿ!" ಎಂದ.

ಕಂಪೈಲರ್‌ನ ಮೂಲ ಬರಹವನ್ನು ಮುದ್ರಿಸಿದ ಉದ್ದ ಕಾಗದವನ್ನು ನೆಲದ ಮೇಲೆ ಹಾಸಿದೆವು. ಸಿಲ್ವೆಸ್ಟರ್ ಕೂಡ ಮೊಣಕಾಲೂರಿ ಹುಡುಕಿದ. ಹತ್ತು ಸಾವಿರವೂ ಇಲ್ಲ, ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತೂ ಇಲ್ಲ. ಯಂತ್ರದಲ್ಲಿದ್ದ ಬರಹವನ್ನೂ ನೋಡಿದೆವು. ಒಂದು ಅಕ್ಷರವೂ ಬದಲಾಗಿಲ್ಲ. ಗಂಟೆ ಒಂದೂವರೆ.

"ಮಿತಿಯನ್ನು ಹೇಳುವ ಸಾಲು ಯಾವುದು?" ಎಂದು ಕೇಳಿದರು ಟೀಚರ್.

ಐರಿನ್ ಬೆರಳಿಟ್ಟಳು. "ಇದು. ಅತಿ ದೊಡ್ಡ ಸಂಖ್ಯೆಗೆ ಪ್ಯಾಸ್ಕಲ್‌ನಲ್ಲಿ ಒಂದು ಹೆಸರುಂಟು, ಮ್ಯಾಕ್ಸ್‌ಇಂಟ್. ನಮ್ಮ ಮಿತಿ ಮ್ಯಾಕ್ಸ್‌ಇಂಟ್ ಅಂತ ಬರೆದಿದ್ದೇವೆ."

"ಮ್ಯಾಕ್ಸ್‌ಇಂಟ್ ಅಂದರೆ ಎಷ್ಟು ಅಂತ ಎಲ್ಲಿ ಬರೆದಿದ್ದೀರಿ?"

ಐರಿನ್ ಕಾಗದದ ಮೇಲೆ ಬೆರಳಾಡಿಸಿದಳು. ಜಮಾಲುದ್ದೀನನ ಮುಖ ನೋಡಿದಳು.

"ಎಲ್ಲೂ... ಬರೆದಿಲ್ಲ."

"ಮತ್ತೆ ಕಂಪೈಲರ್‌ಗೆ ಹೇಗೆ ಗೊತ್ತಾಯಿತು?"

ನಮ್ಮ ಕಂಪೈಲರ್ ಬರೆದದ್ದೂ ಪ್ಯಾಸ್ಕಲ್‌ನಲ್ಲೇ. ಅದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಲು ಇನ್ನೊಂದು ಪ್ಯಾಸ್ಕಲ್ ಕಂಪೈಲರ್ ಬೇಕಲ್ಲ? ಅದಕ್ಕೆ ಹಿಂದಿನ ಸಲದ ನಮ್ಮದೇ ಕಂಪೈಲರ್. ಹಳೆಯದು ಹೊಸದನ್ನು ಹೆರುತ್ತದೆ. ಹಾಗಾಗಿ ನಮ್ಮಲ್ಲಿ ಸದಾ ಮೂರು ಫ್ಲಾಪಿ. ಅವುಗಳ ಮೇಲೆ ಹಳೆಯದರಿಂದ ಹೊಸದರವರೆಗೆ ಅಜ್ಜಿ, ಅಮ್ಮ, ಮಗಳು ಎಂದು ಚೀಟಿ ಅಂಟಿಸುತ್ತಿದ್ದೆವು.

"ನಿಮ್ಮ ಮನೆಯಲ್ಲಿ ಮೊಸರು ಕೆಟ್ಟರೆ ನೀವು ಎಂತ ನೋಡುತ್ತೀರಿ?" ಎಂದರು ಟೀಚರ್. "ಹಾಲು, ಅಲ್ವಾ? ಹಾಲು ಸರಿ ಉಂಟು. ಇಷ್ಟು ಹೊತ್ತು ನೆಲದ ಮೇಲೆ ಹಾಸಿಕೊಂಡು ನೋಡಿದ್ದು ಹಾಲನ್ನೇ. ಹೆಪ್ಪು ಯಾರಾದರೂ ನೋಡಿದಿರಾ?"

"ಅಮ್ಮ!" ಎಂದು ಜಮಾಲುದ್ದೀನ್ ಕಿರುಚಿದ. "ಮಗಳು ಅಮ್ಮನನ್ನು ಕೇಳುತ್ತಾಳೆ, ಮ್ಯಾಕ್ಸ್‌ಇಂಟ್ ಎಷ್ಟು ಅಂತ! ಅಮ್ಮ ಹೇಳಿದ್ದನ್ನು ನಂಬುತ್ತಾಳೆ!"

ಅಮ್ಮನ ಫ್ಲಾಪಿ ಹಾಕಿದೆವು. ಹನ್ನೆರಡು ಸಾವಿರ ಕೊಟ್ಟೆವು. ತಪ್ಪು! ಅಲೋಶಿಯಸ್ ಸರ್ ಓಡಿಹೋಗಿ ತಮ್ಮ ಕಬ್ಬಿಣದ ಕಪಾಟಿನ ಬೀಗ ತೆಗೆದು ಅಜ್ಜಿಯನ್ನು ತಂದರು. ಹನ್ನೆರಡು ಸಾವಿರ. ಪರದೆಯ ಮೇಲೆ ಹನ್ನೆರಡು ಸಾವಿರ ಮೂಡಿತು! ಇಪ್ಪತ್ತು ಸಾವಿರ, ಅದೂ ಸರಿ! ಐರಿನ್ ನನ್ನನ್ನು ಅಪ್ಪಿಕೊಂಡು ಕುಣಿದಳು.

"ಕುಣಿಯುವುದು ಆಮೇಲೆ," ಎಂದರು ಟೀಚರ್. "ಅಜ್ಜಿಯಿಂದ ಹೊಸ ಮಗಳನ್ನು ಮಾಡಲಿಕ್ಕೆ ಎಷ್ಟು ಹೊತ್ತು ಬೇಕು?"

"ಒಂದು ಗಂಟೆ!"

"ಶುರು ಮಾಡು ಮಗಾ."

ಫ್ಲಾಪಿ ಗರಗರ ತಿರುಗತೊಡಗಿತು. ಆ ಸದ್ದಿನ ನಡುವೆ ಸರ್ ನಿಧಾನವಾಗಿ ಕೇಳಿದರು, "ಅಮ್ಮನನ್ನು ಮಾಡಿದ್ದು ಯಾರು?"

ಐರಿನ್ ಹೇಳಿದಳು, "ನಾನು. ಹೋದ ವಾರ."

ಎಲ್ಲರ ಕಣ್ಣೂ ಅವಳ ಮೇಲೆ. ಅದರ್‌ವೈಸ್ ಬೇಡ ಎಂದು ತಿಂಗಳುಗಟ್ಟಲೆ ಕಾದಾಡಿದವಳು! ಅವಳ ಕಣ್ಣು ತುಂಬಿತು. "ನಾನು ಜಗಳ ಮಾಡುವುದು ಬೋರ್ಡಿನ ಮೇಲೆ ಸರ್. ಹೀಗಲ್ಲ. ನಾನು ಮಾಡಿದ ಅಮ್ಮ ಸರಿ ಇತ್ತು."

"ಸರಿಯೇ ಇದ್ದಿರಬೇಕು," ಎಂದರು ಝೀಟಾ ಟೀಚರ್. "ಆಮೇಲೆ ಯಾರೋ ಮಿತಿಯ ಸಾಲಿನಲ್ಲಿ ಸಣ್ಣ ಸಂಖ್ಯೆ ಬರೆದು, ಹೊಸ ಕಂಪೈಲರ್ ಮಾಡಿ, ಅದನ್ನು ಅಮ್ಮನ ಮೇಲೆ ತುಂಬಿದರು. ಆಮೇಲೆ ಸಾಲನ್ನು ಮೊದಲಿನಂತೆ ಬರೆದಿಟ್ಟರು. ಅಲ್ಲಿಗೆ ಬರಹದಲ್ಲಿ ಗುರುತೇ ಇಲ್ಲ. ಅಜ್ಜಿ ಅಲೋಶಿಯಸರ ಕಪಾಟಿನಲ್ಲಿ, ಕೈಗೆ ಸಿಗಲಿಲ್ಲ. ನಿನ್ನೆ ಜಮಾಲುದ್ದೀನ್ ಏನೂ ಗೊತ್ತಿಲ್ಲದೆ ಆ ಅಮ್ಮನಿಂದ ಮಗಳನ್ನು ಮಾಡಿದ. ಇವತ್ತು ತೋರಿಸುವ ಪ್ರೋಗ್ರಾಮಿನಲ್ಲಿ ದೊಡ್ಡ ಸಂಖ್ಯೆ ಇದ್ದದ್ದು ಅದರ್‌ವೈಸ್ ಸಾಲಿನಲ್ಲಿ ಮಾತ್ರ. ಎಲ್ಲರೂ ಅವನ ಕಡೆಗೇ ಬೆರಳು ತೋರಿಸಬೇಕು, ಅದಕ್ಕೆ ಈ ಉಪಾಯ."

"ಯಾರು ಟೀಚರ್?" ಎಂದು ಕೇಳಿದೆ.

ಅವರು ಉತ್ತರಿಸುವ ಮೊದಲು ಕನ್ನಡಕ ತೆಗೆದು ಒರೆಸಿದರು.

"ಬೆಳಿಗ್ಗೆ ತಪ್ಪು ಬಂದಾಗ ನಾವೆಲ್ಲ ಎಂತ ಎಣಿಸಿದೆವು? ಅದರ್‌ವೈಸ್ ಕೆಟ್ಟಿದೆ ಅಂತ. ಸಂಖ್ಯೆಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಆದರೆ ಒಬ್ಬರು ಮಾತ್ರ ಅದರ್‌ವೈಸ್ ತೆಗೆ ಅನ್ನಲಿಲ್ಲ. ಪುಸ್ತಕದ ಸಂಖ್ಯೆ ಒಂಬತ್ತು ಸಾವಿರ ಮಾಡು ಅಂದರು. ಹತ್ತು ಸಾವಿರಕ್ಕೆ ಬಾಗಿಲು ಮುಚ್ಚುತ್ತದೆ ಅಂತ ಆಗ ಈ ಕೋಣೆಯಲ್ಲಿ ಯಾರಿಗೆ ಗೊತ್ತಿತ್ತು, ಸಿಲ್ವೆಸ್ಟರ್?"

ಸಿಲ್ವೆಸ್ಟರ್ ಗೋಡೆಗೆ ಒರಗಿ ನಿಂತಿದ್ದ. ತಲೆ ತಗ್ಗಿಸಿದ.

"ಸಿಲ್ವೆಸ್ಟರಣ್ಣ?" ಎಂದ ಜಮಾಲುದ್ದೀನ್. "ನೀವಾ? ಯಾಕೆ?"

"ಹೋದ ವರ್ಷ," ಎಂದ ಸಿಲ್ವೆಸ್ಟರ್, "ನೀನು ಬರುವ ಮೊದಲು, ಇದೇ ಬೋರ್ಡಿನ ಮೇಲೆ ನಾನು ಅದನ್ನೇ ಬರೆದು ತೋರಿಸಿದ್ದೆ. ಯಾವುದೂ ಅಲ್ಲದಿದ್ದರೆ ಇದು ಅಂತ. ಸರ್ ನಕ್ಕರು. ಭಾಷೆ ಹಾಳು ಮಾಡಬೇಡ ಮಾರಾಯ, ಹೋಗಿ ಚಹಾ ಹೇಳಿ ಬಾ ಅಂದರು. ಆಮೇಲೆ ನೀನು ಬರೆದೆ. ಚಪ್ಪಾಳೆ ತಟ್ಟಿದರು."

ಅಲೋಶಿಯಸ್ ಸರ್ ಮೇಜಿನ ಅಂಚು ಹಿಡಿದುಕೊಂಡರು. "ನಾನು ಹಾಗೆ ಹೇಳಿದ್ದೆನಾ?"

"ನಿಮಗೆ ನೆನಪಿರಲಿಕ್ಕಿಲ್ಲ ಸರ್."

"ಮತ್ತೆ ಬೆಳಿಗ್ಗೆ ಅವನಿಗೆ ದಾರಿ ಹೇಳಿಕೊಟ್ಟದ್ದು ಯಾಕೆ?" ಎಂದು ಕೇಳಿದರು ಟೀಚರ್, ಮೆಲ್ಲಗೆ. "ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಹೆಸರು ನನಗೆ ಸಿಗುತ್ತಲೇ ಇರಲಿಲ್ಲ."

"ಅವನ ಕೈ ನಡುಗುವುದು ನೋಡಿದೆ ಟೀಚರ್. ತಡೆಯಲಿಕ್ಕೆ ಆಗಲಿಲ್ಲ."

ಅವನು ಜೇಬಿನಿಂದ ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ಸರ್ ಅದನ್ನು ತೆಗೆದುಕೊಂಡರು. "ನಿನ್ನ ವಿಷಯ ನಾಳೆ ಮಾತಾಡುವ. ನನ್ನ ವಿಷಯವನ್ನೂ," ಎಂದರು. ಸಿಲ್ವೆಸ್ಟರ್ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕುಳಿತ.

ಕೆಳಗೆ ಜೀಪು ನಿಂತ ಸದ್ದು! ಫ್ಲಾಪಿ ಇನ್ನೂ ತಿರುಗುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆಗಳು. ನಾನು ಬಾಗಿಲಿಗೆ ಓಡಿ, ಊಟ ಹೇಗಿತ್ತು, ಸಾರು ಖಾರವಾಯಿತಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಕೇಳಿ ಅಲೆಕ್ಸಾಂಡರ್ ಅವರನ್ನು ಹೊಸ್ತಿಲಲ್ಲೇ ನಿಲ್ಲಿಸಿದೆ. ಅವರು ತಾಳ್ಮೆಯಿಂದ ಪಾಯಸದವರೆಗೂ ವಿವರಿಸಿದರು.

"ಆಯಿತು!" ಎಂದು ಒಳಗಿನಿಂದ ಐರಿನಳ ಕೂಗು.

ಹೊಸ ಮಗಳು ಗ್ರಂಥಾಲಯದ ಪ್ರೋಗ್ರಾಮನ್ನು ಬಾಯಿ ತೆರೆದು ನುಂಗಿದಳು. ಇಪ್ಪತ್ತಾರನೇ ಸಾಲು ದಾಟಿತು. ಪುಸ್ತಕಗಳು ಒಂದೊಂದಾಗಿ ತಮ್ಮ ವಿಭಾಗಕ್ಕೆ ಹೋದವು. ಎಲ್ಲಿಗೂ ಸೇರದ ಪುಸ್ತಕ ಹನ್ನೆರಡು ಸಾವಿರದ ಸಂಖ್ಯೆ ಹೊತ್ತು ಕೊನೆಯಲ್ಲಿ ಬಂತು.

ಅಲೆಕ್ಸಾಂಡರ್ ಎರಡು ಸಲ ನೋಡಿದರು. "ಒಳ್ಳೆಯದುಂಟು. ನಮ್ಮ ಕಾಲೇಜುಗಳಿಗೆ ಇದು ಬೇಕು. ಈ ಅದರ್‌ವೈಸ್ ಯಾರ ಯೋಚನೆ?"

ಜಮಾಲುದ್ದೀನ್ ಬಾಗಿಲ ಕಡೆ ತಿರುಗಿದ. ಅದು ತೆರೆದೇ ಇತ್ತು.

"ಮೊದಲು ಯೋಚಿಸಿದ್ದು ಸಿಲ್ವೆಸ್ಟರಣ್ಣ, ಸರ್," ಎಂದ, ಮೆಟ್ಟಿಲವರೆಗೂ ಕೇಳುವಷ್ಟು ಜೋರಾಗಿ. "ಬರೆದದ್ದು ನಾನು."

ಸಂಜೆ ಹೆಜಮಾಡಿಗೆ ಟ್ರಂಕ್ ಕಾಲ್ ಸಿಕ್ಕಿತು. ಮನೆಯ ಹತ್ತಿರದ ಶುಕೂರ್ ಅವರ ಅಂಗಡಿಯ ಫೋನು. ಯಾರೋ ಓಡಿಹೋಗಿ ಅವನ ತಾಯಿ ರುಕಿಯಮ್ಮನನ್ನು ಕರೆತಂದರು. ಜಮಾಲುದ್ದೀನ್ ಬ್ಯಾರಿ ಭಾಷೆಯಲ್ಲಿ ಗಡಿಬಿಡಿಯಿಂದ ಹೇಳುತ್ತಲೇ ಹೋದ. ಆ ಕಡೆಯಿಂದ ಬಂದ ಮಾತು ನಮಗೂ ಕೇಳುವಷ್ಟು ಗಟ್ಟಿಯಾಗಿತ್ತು. ಅವನು ಫೋನಿನ ಮೇಲೆ ಕೈಯಿಟ್ಟು ನಮ್ಮ ಕಡೆ ತಿರುಗಿದ.

"ದುಬೈಗೆ ಪೆಟ್ಟಿಗೆ ತುಂಬಿಸಿ, ಹಗ್ಗ ಬಿಗಿದು ಆಗಿದೆಯಂತೆ. ನಾನು ಹೇಳಿದರೆ ನಂಬುವುದಿಲ್ಲ. ದೊಡ್ಡವರು ಯಾರಾದರೂ ಹೇಳಲಿ ಎನ್ನುತ್ತಾರೆ."

ಅಲೋಶಿಯಸ್ ಸರ್ ಎದ್ದು ಹೋಗಿ ಅವನ ಕೈಯಿಂದ ಫೋನು ತೆಗೆದುಕೊಂಡರು.

"ನಿಮ್ಮ ಮಗನ ಕೆಲಸ ಇಲ್ಲೇ, ರುಕಿಯಮ್ಮ," ಎಂದರು. "ಹಗ್ಗ ಬಿಚ್ಚಿ."